ಹನ್ನೆರಡಕ್ಕೂ ಒಂದೇ ಗುರುತು

ಆಸ್ಪತ್ರೆಯಲ್ಲಿ ಅವನನ್ನು ಎಲ್ಲರೂ ವೈರಣ್ಣ ಎಂದೇ ಕರೆಯುತ್ತಿದ್ದರು. ಇಪ್ಪತ್ತಾರು ವರ್ಷದಿಂದ ಹೆಗಲ ಮೇಲೆ ಒಂದಲ್ಲ ಒಂದು ವೈರಿನ ಸುರುಳಿ ನೇತುಹಾಕಿಕೊಂಡು ಓಡಾಡುವವನಿಗೆ ಆ ಹೆಸರು ತಾನಾಗಿ ಅಂಟಿಕೊಂಡಿತ್ತು. ಹೊಸದಾಗಿ ಬಂದ ಡಾಕ್ಟರುಗಳು ಅದು ಅಪ್ಪ ಅಮ್ಮ ಇಟ್ಟ ಹೆಸರೇ ಇರಬೇಕೆಂದುಕೊಂಡು ‘ವೈರಣ್ಣನವರೇ’ ಎಂದು ಮರ್ಯಾದೆಯಿಂದ ಕೂಗುತ್ತಿದ್ದರು. ಅವನೂ ತಿದ್ದಲು ಹೋಗಿರಲಿಲ್ಲ. ಕಂಪ್ಯೂಟರ್ ಕೆಟ್ಟರೆ ಅವನು, ಪ್ರಿಂಟರ್ ಕಾಗದ ನುಂಗಿ ಕೂತರೆ ಅವನು, ಹೊರರೋಗಿಗಳ ಟೋಕನ್ ಬೋರ್ಡು ಇಪ್ಪತ್ತರಿಂದ ಒಮ್ಮೆಲೇ ತೊಂಬತ್ತಕ್ಕೆ ಹಾರಿದರೂ ಅವನೇ. ಕೆಟ್ಟ ವಸ್ತು ಕಣ್ಣಿಗೆ ಬಿದ್ದರೆ ಅವನ ಕೈ ಸುಮ್ಮನಿರುತ್ತಿರಲಿಲ್ಲ. ನೆಂಟರ ಮನೆಗೆ ಊಟಕ್ಕೆ ಹೋದರೂ ಅಲುಗಾಡುವ ಕುರ್ಚಿಯನ್ನು ತಲೆಕೆಳಗು ಮಾಡಿಕೊಂಡು ಕೂರುವ ಆಸಾಮಿ. ‘ಇವ್ರು ಊಟಕ್ಕೆ ಬರೋದಲ್ಲ, ಸರ್ವೀಸಿಗೆ ಬರೋದು’ ಎಂದು ಹೆಂಡತಿ ಎಲ್ಲರೆದುರೂ ಹಂಗಿಸುತ್ತಿದ್ದಳು.

ಆಸ್ಪತ್ರೆಯ ಹಿಂಬದಿ ಕಟ್ಟಡದಲ್ಲಿ, ಲಾಂಡ್ರಿಯ ಮೇಲಿನ ಮಹಡಿಯಲ್ಲಿ, ತರಬೇತಿ ಕೋಣೆ ಎಂಬುದೊಂದಿತ್ತು. ಕೆಳಗೆ ಬಟ್ಟೆ ಒಣಗಿಸುವ ಯಂತ್ರಗಳು ಓಡುತ್ತಿದ್ದುದರಿಂದ ಅದರ ನೆಲ ಸದಾ ಬೆಚ್ಚಗಿರುತ್ತಿತ್ತು. ಅಲ್ಲಿ ಹನ್ನೆರಡು ಕಂಪ್ಯೂಟರುಗಳು. ಹನ್ನೊಂದು ವರ್ಷದ ಹಿಂದೆ ಒಂದೇ ಲಾರಿಯಲ್ಲಿ ಬಂದಿಳಿದ, ಒಂದೇ ಮಾದರಿಯವು. ತಯಾರಿಸಿದ ಕಂಪನಿ ಅವುಗಳ ಕೈಬಿಟ್ಟು ನಾಲ್ಕು ವರ್ಷವಾಗಿತ್ತು. ಹೊಸ ಆಪರೇಟಿಂಗ್ ಸಿಸ್ಟಂ ಹಾಕಲು ಹೋದರೆ ‘ಈ ಯಂತ್ರ ಅರ್ಹವಲ್ಲ’ ಎಂಬ ಒಂದೇ ಸಾಲು ತೋರಿಸಿ ಮುಷ್ಕರ ಹೂಡುತ್ತಿದ್ದವು. ಅವು ಕೆಟ್ಟಿರಲಿಲ್ಲ, ಅಂಥ ನಿಧಾನವೂ ಆಗಿರಲಿಲ್ಲ. ಎಲ್ಲೋ ಕೂತ ಯಾರೋ ಒಂದು ಪಟ್ಟಿಯಿಂದ ಅವುಗಳನ್ನು ಹೊಡೆದುಹಾಕಿದ್ದರು, ಅಷ್ಟೇ. ವೈರಣ್ಣನಿಗೆ ಆ ಸಾಲು ಕಂಡರೆ ಮೈ ಉರಿಯುತ್ತಿತ್ತು.

ಪಟ್ಟಿಯಿಂದ ಹೊಡೆದುಹಾಕುವ ಕೆಲಸವನ್ನು ಇನ್ನೂ ಚೆನ್ನಾಗಿ ಮಾಡುವ ಒಂದು ಕಚೇರಿಯಿತ್ತು. ಅದು ಪರೀಕ್ಷಾ ಮಂಡಳಿ. ವಾರ್ಡುಗಳಲ್ಲಿ ಗುತ್ತಿಗೆಯ ಮೇಲೆ ದುಡಿಯುವ ಸಹಾಯಕಿಯರು ಕಾಯಂ ಆಗಬೇಕಾದರೆ ಮಂಡಳಿಯ ಪರೀಕ್ಷೆ ಪಾಸು ಮಾಡಬೇಕು. ವರ್ಷಕ್ಕೊಂದೇ ಪರೀಕ್ಷೆ. ವಯಸ್ಸು ನಲವತ್ತೆರಡು ದಾಟಿರಬಾರದು. ವೈರಣ್ಣನ ತಂಗಿಗೆ ಆ ವರ್ಷ ಸರಿಯಾಗಿ ನಲವತ್ತೆರಡು.

ಅವಳು ಗಂಡನಿಂದ ಬೇರೆಯಾಗಿ ಬಂದು ಹದಿನೈದು ವರ್ಷದಿಂದ ಅಣ್ಣನ ಮನೆಯ ಹಿಂದಿನ ಕೋಣೆಯಲ್ಲಿದ್ದಳು. ಹಗಲೆಲ್ಲ ಮೂಳೆ ವಾರ್ಡಿನಲ್ಲಿ ಬೇರೆಯವರ ಕಾಲು ಎತ್ತಿ ಇಳಿಸುವುದು, ಸಂಜೆ ಬಂದು ದೇಹದ ಮೂಳೆಗಳ ಹೆಸರು ಬಾಯಿಪಾಠ ಮಾಡುವುದು. ಎರಡು ವರ್ಷ ಹಾಗೆ ಓದಿದಳು. ತಾನೊಬ್ಬಳೇ ಓದಿಕೊಂಡಿದ್ದರೆ ಬೇರೆ ಮಾತು. ಪರೀಕ್ಷೆಗೆ ಕಟ್ಟಿದ ಉಳಿದ ಹನ್ನೊಂದು ಮಂದಿಯನ್ನೂ ಊಟದ ಬಿಡುವಿನಲ್ಲಿ ಮೆಟ್ಟಿಲ ಮೇಲೆ ಕೂರಿಸಿಕೊಂಡು, ತನ್ನ ನೋಟ್‌ಬುಕ್ಕಿನಿಂದ ಓದಿ ಹೇಳಿ, ಮರುದಿನ ಒಪ್ಪಿಸಿಕೊಳ್ಳುತ್ತಿದ್ದಳು. ಅವರೆಲ್ಲ ಅವಳನ್ನು ಟೀಚರಕ್ಕ ಎನ್ನತೊಡಗಿದರು. ಮೊದಲು ತಮಾಷೆಗೆ, ಆಮೇಲೆ ನಿಜಕ್ಕೇ.

ಪರೀಕ್ಷೆಗೆ ಎರಡು ತಿಂಗಳಿದೆ ಎನ್ನುವಾಗ ಮಂಡಳಿಯಿಂದ ಆದೇಶ ಬಂತು. ಇನ್ನು ಮುಂದೆ ಪರೀಕ್ಷೆ ಕಂಪ್ಯೂಟರಿನಲ್ಲೇ. ಮಂಡಳಿಯ ತಂತ್ರಾಂಶ ಹೊಸ ಆಪರೇಟಿಂಗ್ ಸಿಸ್ಟಮ್ಮಿನಲ್ಲಿ ಮಾತ್ರ ಓಡುತ್ತದೆ. ಅಂಥ ಯಂತ್ರಗಳಿಲ್ಲದ ಕಡೆಯವರು ಪರವೂರಿನ ಕೇಂದ್ರಕ್ಕೆ ಹೋಗಿ ಬರೆಯಬೇಕು. ಹೋಗಲು ಒಂದು ದಿನ, ಬರೆಯಲು ಒಂದು ದಿನ, ಬರಲು ಒಂದು ದಿನ. ಹನ್ನೆರಡು ಮಂದಿಗೆ ಒಟ್ಟಿಗೆ ಮೂರು ದಿನ ರಜೆ ಕೊಟ್ಟರೆ ವಾರ್ಡುಗಳ ಗತಿಯೇನು ಎಂದು ಆಡಳಿತದ ಮೇಡಂ ತಲೆ ಹಿಡಿದುಕೊಂಡರು. ನಾಲ್ಕು ಮಂದಿಗೆ ಕೊಡಬಹುದು, ಚೀಟಿ ಎತ್ತಿ ಎಂದರು. ಆಮೇಲೆ ವೈರಣ್ಣನನ್ನು ಕರೆಸಿ, ‘ಹೊಸ ಕಂಪ್ಯೂಟರ್ ಅಂತ ಮಾತ್ರ ಕೇಳ್ಬೇಡಿ. ಇರೋದ್ರಲ್ಲೇ ಏನಾದ್ರೂ ಮಾಡಿ. ಹೇಗೆ ಮಾಡಿದ್ರಿ ಅಂತ ನಾನು ಕೇಳಲ್ಲ’ ಎಂದರು.

ಮನೆಯಲ್ಲಿ ತಂಗಿ ಇನ್ನೂ ನೇರವಾಗಿದ್ದಳು. ‘ಚೀಟೀಲಿ ನನ್ನ ಹೆಸರು ಬರ್ಲಿಲ್ಲ ಅಂದ್ರೆ ಎರಡು ವರ್ಷ ಓದಿದ್ದು ಮಣ್ಣುಪಾಲು. ನೀನು ಇದೀಯಲ್ಲ ಅಣ್ಣ.’

ನೀನು ಇದೀಯಲ್ಲ ಅಂದರೆ ಸಾಕು, ವೈರಣ್ಣ ಕಂಬವನ್ನೂ ಹತ್ತುತ್ತಾನೆ.

ಮೂರನೇ ನಂಬರಿನ ಯಂತ್ರವನ್ನು ಆರಿಸಿಕೊಂಡು ಒಂಬತ್ತು ದಿನ ಅದರ ಮುಂದೆ ಕೂತ. ಮಾಡಬೇಕಾದ ಕೆಲಸ ಹೇಳಲು ಸುಲಭ: ಯಂತ್ರದ ಬಾಯಲ್ಲಿ ಸುಳ್ಳು ಹೇಳಿಸಬೇಕು. ಅದು ಎದ್ದ ಕೂಡಲೇ, ನಿಜವಾದ ಗುರುತನ್ನು ಮುಚ್ಚಿಟ್ಟು, ‘ನಾನು ಆರು ವರ್ಷ ಚಿಕ್ಕವನು, ಇಂಥ ಮಾದರಿ, ಇಂಥ ಕ್ರಮಸಂಖ್ಯೆ’ ಎಂದು ಹೇಳುವ ಒಂದು ಸಣ್ಣ ಪ್ರೋಗ್ರಾಮನ್ನು ಒಳಗೆ ಕೂರಿಸಬೇಕು. ಕ್ರಮಸಂಖ್ಯೆಯನ್ನು ವೈರಣ್ಣನೇ ಹೊಸೆದು ಕೊಟ್ಟ. ಹೊಸ ಸಿಸ್ಟಂ ಅದನ್ನು ನಂಬಿ ಒಳಗೆ ಬಂತು. ಬಂದ ಮೇಲೆ ಮೂರು ದಿನ ಧ್ವನಿಯಿಲ್ಲ, ಎರಡು ದಿನ ಪರದೆಯ ಬಣ್ಣವೆಲ್ಲ ಹಸಿರು, ಒಂದು ದಿನ ನೆಟ್‌ವರ್ಕ್ ನಾಪತ್ತೆ. ಒಂದೊಂದಕ್ಕೂ ಔಷಧ ಹುಡುಕಿ ಹಾಕಿ, ಒಂಬತ್ತನೇ ದಿನ ಮೂರನೇ ನಂಬರು ಹೊಸ ಯಂತ್ರದ ಹಾಗೆ ಓಡಿದಾಗ ಅವನು ಒಬ್ಬನೇ ಕೂತು ನಕ್ಕ.

ಅಲ್ಲಿಗೆ ನಿಂತಿದ್ದರೆ ಚೆನ್ನಾಗಿತ್ತು. ಇನ್ನೂ ಹನ್ನೊಂದು ಯಂತ್ರ ಬಾಕಿ, ಒಂದೊಂದಕ್ಕೆ ಒಂಬತ್ತು ದಿನ ಹಾಕಿದರೆ ಪರೀಕ್ಷೆ ಮುಗಿದು ಫಲಿತಾಂಶವೂ ಬಂದಿರುತ್ತದೆ. ಅವನ ಕಸುಬಿನವರು ಯಾರಾದರೂ ಮಾಡುವುದನ್ನೇ ಅವನೂ ಮಾಡಿದ. ಮೂರನೇ ನಂಬರಿನ ಡಿಸ್ಕನ್ನು ಹಾಗೇ ಉಳಿದ ಹನ್ನೊಂದಕ್ಕೂ ನಕಲು ಹೊಡೆದ. ಎರಡೇ ದಿನದಲ್ಲಿ ಕೆಲಸ ಮುಗಿಯಿತು. ಸುಳ್ಳು ಗುರುತೂ ನಕಲಿನ ಜೊತೆಗೇ ಹೋಯಿತು. ಪ್ರತಿಯೊಂದಕ್ಕೂ ಬೇರೆ ಬೇರೆ ಕ್ರಮಸಂಖ್ಯೆ ಬರೆಯಬೇಕು ಎಂಬುದು ಅವನಿಗೆ ಗೊತ್ತಿಲ್ಲದ್ದೇನಲ್ಲ, ಕೊನೆಗೆ ಮಾಡೋಣ ಎಂದುಕೊಂಡಿದ್ದ. ಆದರೆ ಒಂದೊಂದರ ಮುಂದೂ ಕೂತು ಮಂಡಳಿಯ ಮಾದರಿ ಪರೀಕ್ಷೆ ಓಡಿಸಿ ನೋಡಿದಾಗ ಒಂದೊಂದೂ ಬೆಣ್ಣೆಯ ಹಾಗೆ ಓಡಿತು. ಒಂದನ್ನು ಆಫ್ ಮಾಡಿ ಇನ್ನೊಂದನ್ನು ಹಚ್ಚಿದವನಿಗೆ ಅವು ಹನ್ನೆರಡೂ ಒಟ್ಟಿಗೆ ಮಾತಾಡಿದಾಗ ಒಂದೇ ಹೆಸರು ಹೇಳುತ್ತವೆ ಎಂಬುದು ಕಾಣಲಿಲ್ಲ. ಅಷ್ಟರಲ್ಲಿ ತುರ್ತು ವಿಭಾಗದ ಪ್ರಿಂಟರ್ ಕೆಟ್ಟಿತು, ಅವನು ಓಡಿದ. ‘ಎಲ್ಲ ಯಂತ್ರಗಳೂ ನಿಯಮಕ್ಕೆ ತಕ್ಕಂತಿವೆ’ ಎಂಬ ಫಾರಂ ಬಂದಾಗ ನಿಂತಲ್ಲೇ ಸಹಿ ಮಾಡಿದ.

ಪರೀಕ್ಷೆ ಚೆನ್ನಾಗಿಯೇ ನಡೆಯಿತು. ಹನ್ನೆರಡು ಮಂದಿ ಇಸ್ತ್ರಿ ಮಾಡಿದ ಬಟ್ಟೆ ಹಾಕಿಕೊಂಡು ಬಂದರು, ಆಸ್ಪತ್ರೆಯ ಸ್ಟೋರ್ ಕೀಪರನೇ ಮೇಲ್ವಿಚಾರಕನಾಗಿ ಕೂತ, ಒಂದು ಯಂತ್ರವೂ ಕೆಮ್ಮಲಿಲ್ಲ. ಹೊರಗೆ ಬಂದ ತಂಗಿ ಅಣ್ಣನಿಗೆ ‘ಒಂದು ತಪ್ಪಾಗಿರ್ಬೇಕು, ಅಷ್ಟೇ’ ಎಂದಳು. ಒಂದಲ್ಲ, ಕೆಲವು ತಪ್ಪಾಗಿದ್ದವು. ಆದರೂ ತೊಂಬತ್ತೊಂದು ಬಂದಿತ್ತು.

ತೊಂಬತ್ತೊಂದು ಬಂದಿದ್ದು ಗೊತ್ತಾದದ್ದು ಅಂಕಪಟ್ಟಿಯಿಂದಲ್ಲ, ಆರು ವಾರದ ನಂತರ ಒಂದು ಶನಿವಾರ ಮಧ್ಯಾಹ್ನ ಮೇಡಂ ಅವರ ಮೇಜಿಗೆ ಬಂದ ಪತ್ರದಿಂದ. ಹನ್ನೆರಡು ಉತ್ತರಪತ್ರಿಕೆಗಳೂ ಒಂದೇ ಯಂತ್ರದಿಂದ ಬಂದಿವೆ. ಒಬ್ಬರೇ ವ್ಯಕ್ತಿ ಒಂದೇ ಯಂತ್ರದ ಪರದೆಯಲ್ಲಿ ಹನ್ನೆರಡು ಕಿಟಕಿ ತೆರೆದುಕೊಂಡು ಎಲ್ಲರ ಪರವಾಗಿ ಬರೆಯುವುದು ಬೇರೆ ಕೇಂದ್ರಗಳಲ್ಲೂ ಸಿಕ್ಕಿಬಿದ್ದಿದೆ. ಇಲ್ಲಿ ಹದಿನೇಳನೇ ಪ್ರಶ್ನೆಗೆ ಹನ್ನೆರಡು ಮಂದಿಯೂ ಒಂದೇ ತಪ್ಪು ಉತ್ತರ ಕೊಟ್ಟಿದ್ದಾರೆ. ತೊಂಬತ್ತೊಂದು ಅಂಕ ಪಡೆದ ಅಭ್ಯರ್ಥಿ ಕೇಂದ್ರದ ತಂತ್ರಜ್ಞನ ಸಹೋದರಿ. ಮಂಗಳವಾರ ತನಿಖೆ. ಅಕ್ರಮವೆಂದು ಕಂಡುಬಂದರೆ ಹನ್ನೆರಡೂ ಮಂದಿಗೆ ಮೂರು ವರ್ಷ ನಿಷೇಧ.

ಕೆಳಗೆ ಆ ಯಂತ್ರದ ಕ್ರಮಸಂಖ್ಯೆ ಬರೆದಿತ್ತು. ವೈರಣ್ಣ ತಾನೇ ಹೊಸೆದ ಸಂಖ್ಯೆಯನ್ನು ಗುರುತು ಹಿಡಿದ.

‘ಏನ್ರೀ ಇದು?’ ಎಂದರು ಮೇಡಂ.

‘ನೋಡ್ತೀನಿ ಮೇಡಂ’ ಎಂದ ವೈರಣ್ಣ.

ನೋಡುವುದೆಂದರೆ ಅವನಿಗೆ ಒಂದೇ ಅರ್ಥ. ನೇರ ಮೆಟ್ಟಿಲು ಹತ್ತಿ ತರಬೇತಿ ಕೋಣೆಯ ಬೀಗ ತೆಗೆದ. ತಪ್ಪು ಎಲ್ಲಿದೆಯೆಂದು ಗೊತ್ತಿತ್ತು, ಹೇಗೆ ಸರಿ ಮಾಡಬೇಕೆಂದೂ ಗೊತ್ತಿತ್ತು. ಶನಿವಾರ ಸಂಜೆಯವರೆಗೆ ಆರು, ಭಾನುವಾರ ಬೆಳಗ್ಗೆಯಿಂದ ಉಳಿದ ಆರು. ಪ್ರತಿ ಡಿಸ್ಕನ್ನೂ ಪೂರ್ತಿ ಅಳಿಸಿ, ಹೊಸದಾಗಿ ಹಾಕಿ, ಒಂದೊಂದಕ್ಕೂ ಬೇರೆ ಬೇರೆ ಕ್ರಮಸಂಖ್ಯೆ ಕೊಟ್ಟ. ಅವನದು ಅರೆಬರೆ ಕೆಲಸವಲ್ಲ. ಹಳೆಯದರ ಚೂರುಪಾರೂ ಉಳಿಯದ ಹಾಗೆ ಗುಡಿಸಿ ಸಾರಿಸಿ ಎದ್ದ. ಹನ್ನೆರಡನ್ನೂ ಒಟ್ಟಿಗೆ ಹಚ್ಚಿ ನೋಡಿದರೆ ಹನ್ನೆರಡು ಬೇರೆ ಬೇರೆ ಗುರುತು. ಕೈ ತೊಳೆದುಕೊಂಡಾಗ ಅವನಿಗೆ ನಿಜವಾಗಿಯೂ ಹಗುರವೆನಿಸಿತು, ಹಸಿವೂ ಆಯಿತು.

ಮನೆಯಲ್ಲಿ ತಂಗಿ ಊಟ ಬಿಟ್ಟು ಕೂತಿದ್ದಳು. ಸುದ್ದಿ ಆಸ್ಪತ್ರೆಯ ತುಂಬ ಹರಡಿತ್ತು. ಎರಡು ವರ್ಷ ಮೆಟ್ಟಿಲ ಮೇಲೆ ಪಕ್ಕದಲ್ಲಿ ಕೂತವರೇ ಬೆಳಗ್ಗೆಯಿಂದ ಅವಳನ್ನು ಓರೆಗಣ್ಣಿನಿಂದ ನೋಡುತ್ತಿದ್ದರು. ಹೆರಿಗೆ ವಾರ್ಡಿನವಳೊಬ್ಬಳು, ‘ನಮ್ಮ ಪೇಪರೆಲ್ಲ ನೀನೇ ತಿದ್ದಿದ್ಯೇನಕ್ಕ, ನಿಜ ಹೇಳು. ಪಾಸ್ ಮಾಡಿಸ್ಬೇಕು ಅಂತಾನೇ ಮಾಡಿರ್ತೀಯ, ಆದ್ರೂ ಹೇಳು’ ಎಂದು ಕೇಳಿದ್ದಳಂತೆ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ, ಅವಳು ಕೈ ಹಿಡಿದುಕೊಂಡು ಕೇಳಿದಳು ಎಂದು ತಂಗಿ ಅತ್ತಳು. ಹದಿನೇಳನೇ ಪ್ರಶ್ನೆಯ ತಪ್ಪು ಉತ್ತರ ಅವಳ ನೋಟ್‌ಬುಕ್ಕಿನಲ್ಲೇ ಇತ್ತು; ತಾನು ತಪ್ಪು ಬರೆದುಕೊಂಡಿದ್ದನ್ನೇ ಎಲ್ಲರಿಗೂ ಬಾಯಿಪಾಠ ಮಾಡಿಸಿದ್ದಳು.

ವೈರಣ್ಣ ಅವಳ ಪಕ್ಕ ಕೂತು ಎಲ್ಲವನ್ನೂ ಹೇಳಿದ. ಸುಳ್ಳು ಗುರುತು, ನಕಲು, ಮರೆತ ಕ್ರಮಸಂಖ್ಯೆ. ಹೇಳುತ್ತಿದ್ದಂತೆ ಅವಳ ಮುಖಕ್ಕೆ ಜೀವ ಬಂತು.

‘ಅಷ್ಟೇನಾ? ನಿನ್ನಿಂದ ಆಗಿದ್ದಾ? ಹಾಗಾದ್ರೆ ಹೇಳಿಬಿಡು ಅಣ್ಣ. ಬೈದ್ರೆ ಬೈಸ್ಕೊ. ಮಂಗಳವಾರ ಅವ್ರನ್ನ ಮೇಲೆ ಕರ್ಕೊಂಡು ಹೋಗಿ, ನೋಡಿ ಸಾರ್, ಹನ್ನೆರಡೂ ಒಂದೇ ನಂಬರ್ ಹೇಳುತ್ತೆ ಅಂತ ತೋರಿಸಿಬಿಡು.’

ತೋರಿಸಿಬಿಡು ಎಂಬ ಮಾತು ಕಿವಿಗೆ ಬಿದ್ದಾಗಲೇ ಅವನಿಗೆ ಹೊಳೆದದ್ದು. ತೋರಿಸಲು ಇದ್ದದ್ದನ್ನೆಲ್ಲ ಅವನು ಎರಡು ದಿನ ಕೂತು, ಬೆವರು ಸುರಿಸಿ, ತನ್ನ ಕೈಯಾರೆ ಅಳಿಸಿ ಬಂದಿದ್ದ.

‘ಏನಾಯ್ತು?’ ಎಂದಳು ತಂಗಿ.

‘ರಿಪೇರಿ ಮಾಡಿಬಿಟ್ಟೆ’ ಎಂದ ವೈರಣ್ಣ.

ತನಿಖೆಯವರು ಮಂಗಳವಾರ ಹನ್ನೊಂದಕ್ಕೆ ಬಂದರು. ಅರವತ್ತರ ಹತ್ತಿರದ, ಬಿಸಿನೀರಿನ ಫ್ಲಾಸ್ಕನ್ನು ಕಂಕುಳಲ್ಲಿ ಇಟ್ಟುಕೊಂಡ ಮನುಷ್ಯ. ಕೆಟ್ಟವರಲ್ಲ. ಒಬ್ಬೊಬ್ಬ ಸಹಾಯಕಿಯನ್ನೂ ಕೂರಿಸಿ ಮಾತಾಡಿಸಿದರು, ಸ್ಟೋರ್ ಕೀಪರನನ್ನು ಕೇಳಿದರು, ತಾವೇ ಮೇಲೆ ಹತ್ತಿ ಹನ್ನೆರಡು ಯಂತ್ರಗಳ ಕ್ರಮಸಂಖ್ಯೆ ಬರೆದುಕೊಂಡರು. ಆಮೇಲೆ ವೈರಣ್ಣನನ್ನು ಕರೆಸಿದರು. ಮೇಡಂ ಪಕ್ಕದ ಕುರ್ಚಿಯಲ್ಲಿ ಕೂತು ಪೆನ್ನಿನ ಮುಚ್ಚಳ ತೆಗೆಯುತ್ತ ಹಾಕುತ್ತ ಇದ್ದರು.

ವೈರಣ್ಣ ಒಂದೇ ಉಸಿರಿಗೆ ನಿಜ ಹೇಳಿದ. ತನಿಖೆಯವರು ನಡುವೆ ಬಾಯಿ ಹಾಕದೆ ಕೇಳಿಸಿಕೊಂಡರು.

‘ಇವ್ರಿಗೆ ಇದನ್ನ ಮಾಡಿ ಅಂತ ಹೇಳಿದ್ದು ಯಾರು?’

‘ನನಗೆ ಇದ್ಯಾವುದೂ ಗೊತ್ತಿಲ್ಲ’ ಎಂದರು ಮೇಡಂ, ಪೆನ್ನು ನೋಡುತ್ತಲೇ.

ತನಿಖೆಯವರು ತಮ್ಮ ಹಾಳೆಯನ್ನು ವೈರಣ್ಣನ ಕಡೆ ತಿರುಗಿಸಿದರು. ‘ನೋಡಿ. ಹನ್ನೆರಡು ಯಂತ್ರ, ಹನ್ನೆರಡು ಸಂಖ್ಯೆ. ಒಂದರ ಹಾಗೆ ಇನ್ನೊಂದಿಲ್ಲ. ಪತ್ರದಲ್ಲಿರೋ ಸಂಖ್ಯೆಯಂತೂ ಇಲ್ಲವೇ ಇಲ್ಲ.’

‘ಅದನ್ನ ಮೊನ್ನೆ ಸರಿ ಮಾಡಿದೆ ಸಾರ್. ಪತ್ರ ಬಂದ ಮೇಲೆ.’

‘ಪತ್ರ ಬಂದ ಮೇಲೆ, ತನಿಖೆಗೆ ಮುಂಚೆ, ಒಬ್ರೇ ಕೂತು, ಎಲ್ಲ ಅಳಿಸಿದ್ರಿ.’

‘ತಪ್ಪಿತ್ತಲ್ಲ ಸಾರ್. ಅದಕ್ಕೇ.’ ಹೇಳುವಾಗಲೇ ಅದು ಎಂಥ ಪೆದ್ದು ಮಾತೆಂದು ಅವನಿಗೆ ಕೇಳಿಸಿತು. ‘ಬೇಕಾದ್ರೆ ಈಗಲೇ ನಕಲು ಹೊಡೆದು, ಹೇಗಿತ್ತೋ ಹಾಗೇ ಮಾಡಿ ತೋರಿಸ್ತೀನಿ.’

‘ಈಗ ಮಾಡಬಲ್ಲಿರಿ ಅನ್ನೋದ್ರಲ್ಲಿ ನನಗೆ ಅನುಮಾನ ಇಲ್ಲ. ಅದೇ ತೊಂದರೆ.’ ಅವರು ಫ್ಲಾಸ್ಕಿನ ಮುಚ್ಚಳಕ್ಕೆ ನೀರು ಬಗ್ಗಿಸಿಕೊಂಡು ಒಂದು ಗುಟುಕು ಕುಡಿದರು. ‘ಮಂಡಳಿಗೆ ನಾನು ಏನಂತ ಬರೀಲಿ? ಯಂತ್ರ ಎಲ್ಲ ಸರಿ ಇದೆ, ತಂಗೀನ ಉಳಿಸ್ಕೊಳ್ಳೋಕೆ ಅಣ್ಣ ಕಥೆ ಕಟ್ಟಿದ ಅಂತಾನಾ? ಇಲ್ಲ, ಯಂತ್ರದ ಗುರುತು ಬದಲಾಯಿಸೋದು ಕೈಗೆ ಬಂದಿರೋ ಈ ಮನುಷ್ಯನೇ ಕಿಟಕಿ ತೆರೆದು ಎಲ್ಲ ಬರೆದ ಅಂತಾನಾ? ನೀವು ಹೇಳ್ತಿರೋದು ನಿಜಾನೇ ಇರಬಹುದು. ನನ್ನ ಫೈಲಿನಲ್ಲಿ ಅದಕ್ಕೆ ಜಾಗ ಇಲ್ಲ.’

ವೈರಣ್ಣನಿಗೆ ಸಿಟ್ಟು ಬರಲಿಲ್ಲ. ಬಂದಿದ್ದರೆ ಒಳ್ಳೆಯದಿತ್ತು. ಅವನ ತಲೆ ಆಗಲೇ ಹಳೆಯ ಅಭ್ಯಾಸದಂತೆ, ಇದನ್ನು ಸರಿ ಮಾಡಲು ಯಾವ ದಾರಿ ಉಳಿದಿದೆ ಎಂದು ಹುಡುಕತೊಡಗಿತ್ತು.

‘ಮೊದಲನೇದು ಬರೆದ್ರೆ ಏನಾಗುತ್ತೆ ಸಾರ್?’

‘ಹನ್ನೆರಡೂ ಮಂದಿಗೆ ಮೂರು ವರ್ಷ ನಿಷೇಧ.’

‘ಎರಡನೇದು?’

‘ಕೇಂದ್ರದ ನೌಕರನೇ ಮಾಡಿದ್ದು, ಅಭ್ಯರ್ಥಿಗಳಿಗೆ ಗೊತ್ತಿರಲಿಲ್ಲ ಅಂತ ನೀವೇ ಬರೆದುಕೊಟ್ರೆ ಅವ್ರಿಗೆ ತಿಂಗಳೊಳಗೆ ಮರುಪರೀಕ್ಷೆ. ನಿಮ್ಮ ಕೆಲಸ ಹೋಗುತ್ತೆ, ಕೇಸೂ ಆಗಬಹುದು. ಆದರೆ ತಪ್ಪಿತಸ್ಥನ ರಕ್ತಸಂಬಂಧಿಗೆ ಮರುಪರೀಕ್ಷೆ ಇಲ್ಲ. ಅದು ನಿಯಮ.’

ಅಂದರೆ ಹನ್ನೊಂದು. ತಂಗಿಗೆ ಈ ದಾರಿಯಲ್ಲೂ ಇಲ್ಲ, ಆ ದಾರಿಯಲ್ಲೂ ಇಲ್ಲ. ಮೂರು ವರ್ಷವೆಂದರೆ ಅವಳಿಗೆ ನಲವತ್ತೈದು, ಮುಂದಿನ ವರ್ಷವೆಂದರೂ ನಲವತ್ತಮೂರು. ಅವಳನ್ನು ಹೊರಗಿಂದ ಕರೆದು ಒಂದು ಮಾತು ಕೇಳಬೇಕು ಎಂದು ಅನಿಸದೆ ಇರಲಿಲ್ಲ. ಬಾಗಿಲ ಕಡೆ ನೋಡಿದ ಕೂಡ. ಆದರೆ ಕೇಳಿದರೆ ಅವಳು ಬೇಡ ಎಂದುಬಿಟ್ಟರೆ? ಮೆಟ್ಟಿಲ ಮೇಲೆ ಕೂತು ಮೂಳೆಗಳ ಹೆಸರು ಒಪ್ಪಿಸುತ್ತಿದ್ದ ಹನ್ನೊಂದು ಮಂದಿಯ ಮುಖ ಅವನ ಕಣ್ಣಮುಂದೆ ಬಂತು. ಒಬ್ಬಳಿಗೆ ಮೂರು ಮಕ್ಕಳು, ಇನ್ನೊಬ್ಬಳ ಗಂಡ ಹಾಸಿಗೆ ಹಿಡಿದವನು.

‘ಹಾಳೆ ಕೊಡಿ’ ಎಂದ.

ಬರೆದ. ಪರೀಕ್ಷೆಯ ದಿನ ಪಕ್ಕದ ಕೋಣೆಯ ಯಂತ್ರದಲ್ಲಿ ಹನ್ನೆರಡು ಕಿಟಕಿ ತೆರೆದು ಎಲ್ಲ ಉತ್ತರಗಳನ್ನೂ ನಾನೇ ಬರೆದೆ. ಅಭ್ಯರ್ಥಿಗಳ ಮುಂದಿದ್ದ ಪರದೆಗಳು ಬರೀ ತೋರಿಕೆಯವು. ಅವರಿಗೆ ಏನೂ ಗೊತ್ತಿರಲಿಲ್ಲ. ತನಿಖೆಯವರು ಓದಿದರು, ಎರಡು ಕಡೆ ದಿನಾಂಕ ಹಾಕಿಸಿದರು, ಅವನ ಮುಖ ನೋಡದೆ ಹಾಳೆ ಮಡಿಸಿಟ್ಟರು. ನಿಜ ಹೇಳಿದಾಗ ಅಷ್ಟೆಲ್ಲ ಪ್ರಶ್ನೆ ಕೇಳಿದವರು ಇದಕ್ಕೆ ಒಂದೂ ಕೇಳಲಿಲ್ಲ.

ಹೊರಗಿನ ಉದ್ದ ಬೆಂಚಿನಲ್ಲಿ ಹನ್ನೆರಡು ಮಂದಿಯೂ ಕೂತಿದ್ದರು. ತನಿಖೆಯವರೇ ಬಾಗಿಲಿಗೆ ಬಂದು, ಅಭ್ಯರ್ಥಿಗಳದೇನೂ ತಪ್ಪಿಲ್ಲ, ಹನ್ನೊಂದು ಮಂದಿಗೆ ಮರುಪರೀಕ್ಷೆ, ಒಬ್ಬರ ವಿಷಯ ನಿಯಮದಂತೆ ಎಂದು ಹೇಳಿ ಒಳಗೆ ಹೋದರು. ಹೆರಿಗೆ ವಾರ್ಡಿನವಳು ಬಾಯಿಗೆ ಸೆರಗು ಒತ್ತಿಕೊಂಡು ಅಳತೊಡಗಿದಳು. ಯಾರೋ ಯಾರನ್ನೋ ತಬ್ಬಿಕೊಂಡರು. ವೈರಣ್ಣ ಯಾರ ಕಣ್ಣಿಗೂ ಬೀಳದ ಹಾಗೆ ಗೋಡೆ ಹಿಡಿದು ಮೆಟ್ಟಿಲ ಕಡೆ ನಡೆದ. ತಂಗಿ ಹಿಂದೆಯೇ ಬಂದಳು.

‘ನಂಬಿದ್ರಾ?’

‘ನಂಬಿದ್ರು.’

‘ನೀನು ಮೊನ್ನೆ ನನಗೆ ಹೇಳಿದ್ಯಲ್ಲ, ಅದನ್ನಾ?’

ಅವನು ಇಲ್ಲವೆಂದು ತಲೆ ಅಲ್ಲಾಡಿಸಿದ. ಎರಡು ಮೆಟ್ಟಿಲು ಇಳಿದು, ತಿರುಗಿ ನೋಡದೆಯೇ, ಏನು ಬರೆದುಕೊಟ್ಟೆ ಎಂದು ಮೆಲ್ಲಗೆ ಹೇಳಿದ. ನಿನಗೆ ಹೇಗೂ ಎರಡರಲ್ಲೂ ಇರಲಿಲ್ಲ, ಅವರಾದರೂ ಉಳಿದುಕೊಳ್ಳಲಿ ಅಂತ ಎಂದ. ಕೆಲಸ ಹೋಗುವುದನ್ನೂ ಹೇಳಿದ, ಅತ್ತಿಗೆಗೆ ನಾನೇ ಹೇಳುತ್ತೇನೆ, ನೀನು ಸುಮ್ಮನಿರು ಎಂದ. ಹೇಳಿ ಮುಗಿಸಿ ತಿರುಗಿದ. ಅವಳು ಕಂಬಿಯನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ನಿಂತಿದ್ದಳು.

‘ನನ್ನ ತೊಂಬತ್ತೊಂದು ಯಾರು ಬರೆದಿದ್ದು ಅಂತ ಬರೆದುಕೊಟ್ಟೆ ಅಣ್ಣ?’

‘ನಾನು ಅಂತ.’

ಅವಳು ಅವನನ್ನು ದಾಟಿಕೊಂಡು ಮೆಟ್ಟಿಲಿಳಿದು ಮೂಳೆ ವಾರ್ಡಿನ ಕಡೆ ಹೋದಳು. ಎರಡು ಗಂಟೆಯ ಪಾಳಿಗೆ ಆಗಲೇ ಹತ್ತು ನಿಮಿಷ ತಡವಾಗಿತ್ತು.